ಮುಚ್ಚಳ ಮುಚ್ಚದ ಹೂಜಿ

ಕಳೆದ ವಾರ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದಿದ್ದರು. ಮಗನ ಓದಿನ ವಿಚಾರ ಮಾತಾಡಲು ಬಂದವರು ವರಾಂಡದ ತೊಲೆಗೆ ತೂಗುಹಾಕಿದ್ದ ಕುಂಡದ ಮುಂದೆ ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟರು. ಎಲೆಯ ತುದಿಯಿಂದ ಇಳಿಬಿದ್ದ ಕುಡಿ, ಕುಡಿಯ ಕೊನೆಗೆ ಕೆಂಪು ಅಂಚಿನ ಪುಟ್ಟ ಹೂಜಿ, ಅದರ ಮೇಲೊಂದು ಮುಚ್ಚಳ. "ಇದು ಹುಳ ತಿನ್ನುವ ಗಿಡ ಅಲ್ಲವೇ ಮೇಷ್ಟ್ರೇ? ದಿನಾ ಏನು ಹಾಕುತ್ತೀರಿ ಇದಕ್ಕೆ?" ಎಂದು ಕೇಳುತ್ತಲೇ ಹೂಜಿಯ ಬಾಯಿಗೆ ಬೆರಳು ಒಯ್ದವರು ಥಟ್ಟನೆ ಹಿಂದಕ್ಕೆಳೆದುಕೊಂಡರು. "ಮುಚ್ಚಿಕೊಂಡುಬಿಟ್ಟರೆ?"

ಈ ಗಿಡವನ್ನು ನೋಡಿದವರೆಲ್ಲ ಕೇಳುವುದು ಇವೆರಡೇ ಪ್ರಶ್ನೆ: ಏನು ತಿನ್ನಿಸಬೇಕು? ಮುಚ್ಚಳ ಮುಚ್ಚುತ್ತದೆಯೇ? ಎರಡಕ್ಕೂ ಒಂದು ಕಾಲದಲ್ಲಿ ನನ್ನಲ್ಲಿ ತಪ್ಪು ಉತ್ತರಗಳಿದ್ದವು. ಮೊದಲನೆಯ ತಪ್ಪಿಗೆ ಒಂದು ಗಿಡ ಸತ್ತಿತು. ಎರಡನೆಯದಕ್ಕೆ ಒಬ್ಬ ಹುಡುಗಿ ಒಂದು ಅಂಕ ಕಳೆದುಕೊಂಡಳು. ಈ ವಾರ ಆ ಎರಡೂ ಕಥೆಗಳನ್ನು ಹೇಳಿ, ನಡುನಡುವೆ ಈ ಗಿಡವನ್ನು ಸಾಕುವುದು ಹೇಗೆಂಬುದನ್ನೂ ತಿಳಿಸುತ್ತೇನೆ.

ಹೂಜಿ ಗಿಡದ ಸಸ್ಯಶಾಸ್ತ್ರೀಯ ಹೆಸರು ನೆಪೆಂಥಿಸ್. ಹೂಜಿ ಎಂದರೆ ಹೂವಲ್ಲ, ಎಲೆಯದೇ ಒಂದು ಭಾಗ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಗಮನಿಸಬೇಕು. ಇದರ ಹೂವು ಬೇರೆಯೇ ಇದೆ, ಅದು ನೋಡಲು ಅಷ್ಟೇನೂ ಚೆಂದವಿಲ್ಲ. ಬೋರ್ನಿಯೋ, ಸುಮಾತ್ರಾ, ಫಿಲಿಪೀನ್ಸ್ ಈ ಕುಲದ ತವರು. ಇಂದು ಗೊತ್ತಿರುವ ನೂರೈವತ್ತಕ್ಕೂ ಹೆಚ್ಚು ಜಾತಿಗಳಲ್ಲಿ ಬಹುಪಾಲು ಅಲ್ಲಿಯವೇ. ಪಶ್ಚಿಮಕ್ಕೆ ಬಂದಂತೆ ಇವು ವಿರಳವಾಗುತ್ತವೆ. ಶ್ರೀಲಂಕೆಯಲ್ಲಿ ಒಂದು, ಸೆಶೆಲ್ಸ್ ದ್ವೀಪದಲ್ಲಿ ಒಂದು, ಮಡಗಾಸ್ಕರಿನಲ್ಲಿ ಎರಡು. ಭಾರತಕ್ಕೆ ದಕ್ಕಿದ್ದೂ ಒಂದೇ, ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಕುಲಕ್ಕೆ ಹೆಸರಿಟ್ಟವನು 1737ರಲ್ಲಿ ಲಿನೇಯಸ್. ಗ್ರೀಕರ ಪುರಾಣಕಾವ್ಯ 'ಒಡಿಸ್ಸಿ'ಯಲ್ಲಿ ಹೆಲೆನ್ ಎಂಬಾಕೆ ಅತಿಥಿಗಳ ದುಃಖ ಮರೆಸಲು ಮದ್ಯಕ್ಕೆ ಬೆರೆಸುವ ಔಷಧಿಗೆ ಇದೇ ಹೆಸರು. ದಿನಗಟ್ಟಲೆ ಕಾಡು ಅಲೆದ ಸಸ್ಯಶಾಸ್ತ್ರಜ್ಞ ಈ ಗಿಡವನ್ನು ಕಂಡರೆ ದಣಿವೆಲ್ಲ ಮರೆತಾನು ಎಂಬುದು ಲಿನೇಯಸನ ಭಾವನೆಯಾಗಿತ್ತು. ಇದು ಹುಳಗಳನ್ನು ಅರಗಿಸಿಕೊಳ್ಳುತ್ತದೆಂಬ ಸಂಗತಿ ಅವನಿಗೆ ತಿಳಿದಿರಲಿಲ್ಲ.

ಮೇಘಾಲಯದ ಜನರಿಗೆ ಅದು ಎಷ್ಟೋ ಮೊದಲೇ ತಿಳಿದಿತ್ತೆಂದು ಅವರಿಟ್ಟ ಹೆಸರುಗಳೇ ಹೇಳುತ್ತವೆ. ಖಾಸಿ ಜನ ಇದನ್ನು 'ರಾಕ್ಷಸ ಹೂ' ಎಂಬ ಅರ್ಥದಲ್ಲಿ 'ತಿಯೂ ರಾಕೋಟ್' ಎನ್ನುತ್ತಾರೆ. ಗಾರೋ ಭಾಷೆಯ 'ಮೆಮಾಂಗ್ ಕೋಕ್ಸಿ'ಗೆ ದೆವ್ವದ ಬುಟ್ಟಿ ಎಂದರ್ಥ. 1850ರಲ್ಲಿ ಖಾಸಿ ಬೆಟ್ಟಗಳಲ್ಲಿ ಸುತ್ತಾಡಿದ್ದ ಇಂಗ್ಲಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1873ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಇದೇ ಹೂಕರ್ ಹೂಜಿಗಳಿಗೆ ಬೇಯಿಸಿದ ಮೊಟ್ಟೆಯ ಬಿಳಿಭಾಗ, ಮಾಂಸದ ತುಣುಕು, ಮೃದ್ವಸ್ಥಿ ಹಾಕಿ, ಅವು ಕರಗುವುದನ್ನು ನೋಡಿ, 1874ರಲ್ಲಿ ಬೆಲ್‌ಫಾಸ್ಟಿನ ವಿಜ್ಞಾನ ಸಭೆಯಲ್ಲಿ ವಿವರಿಸಿದ. ಮರುವರ್ಷ ಅವನ ಗೆಳೆಯ ಡಾರ್ವಿನ್ ಕೀಟಾಹಾರಿ ಸಸ್ಯಗಳ ಬಗ್ಗೆ ಇಡೀ ಒಂದು ಗ್ರಂಥವನ್ನೇ ಪ್ರಕಟಿಸಿದ.

ಇನ್ನು ನನ್ನ ಕಥೆಗೆ ಬರುತ್ತೇನೆ. 2004ರಲ್ಲಿ ನಾನು ಅರಸೀಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಗೆ 'ಹೂಜಿ ಗಿಡವು ಕೀಟವನ್ನು ಹಿಡಿಯುವ ಬಗೆಯನ್ನು ವಿವರಿಸಿ' ಎಂದು ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ಕೀಟ ಒಳಗೆ ಜಾರುತ್ತದೆ, ಕೂಡಲೇ ಮುಚ್ಚಳ ಮುಚ್ಚುತ್ತದೆ, ಕೀಟ ಜೀರ್ಣವಾಗುತ್ತದೆ. ಇದು ನಾನು ಬರೆಸಿದ್ದ ಉತ್ತರ. ನಾನು ಓದಿದ ಪುಸ್ತಕದಲ್ಲೂ ಗೋಡೆಯ ಚಾರ್ಟಿನಲ್ಲೂ ಹಾಗೆಯೇ ಇತ್ತು. ಚಾರ್ಟಿನ ಚಿತ್ರದಲ್ಲಂತೂ ನೊಣದ ತಲೆಯ ಮೇಲೆ ಮುಚ್ಚಳ ಇನ್ನೇನು ಬೀಳುವಂತಿತ್ತು. ಆದರೆ ಒಬ್ಬ ಹುಡುಗಿ ಮಾತ್ರ, 'ಮುಚ್ಚಳ ಮುಚ್ಚುವುದಿಲ್ಲ, ಅದು ಮಳೆ ನೀರು ತುಂಬದಂತೆ ಕೊಡೆಯ ಹಾಗೆ ಇರುತ್ತದೆ' ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಒಂದು ಅಂಕ ಕಳೆದೆ. ಅವಳು ಮೇಜಿನ ಬಳಿ ಬಂದು, "ಸಾರ್, ನಮ್ಮಪ್ಪ ಮಿಲಿಟರಿಯಲ್ಲಿದ್ದಾರೆ. ನಾವು ಶಿಲ್ಲಾಂಗಿನಲ್ಲಿದ್ದಾಗ ನಾನೇ ನೋಡಿದ್ದೇನೆ" ಎಂದಳು. ನಾನು ಏನೆಂದೆ ಗೊತ್ತೆ? "ನೋಡಿದ್ದು ಬೇರೆ, ಪರೀಕ್ಷೆ ಬೇರೆ. ಪುಸ್ತಕದಲ್ಲಿರುವುದನ್ನು ಬರೆ." ಹೀಗೆ ಹೇಳಿದವನು ವಿಜ್ಞಾನದ ಮೇಷ್ಟ್ರು! ಅವಳು ಮರುಮಾತಾಡದೆ ಹೋಗಿ ಕೂತಳು. ಮುಂದಿನ ವರ್ಷ ಅವಳ ತಂದೆಗೆ ಮತ್ತೆಲ್ಲಿಗೋ ವರ್ಗವಾಗಿ ವರ್ಗಾವಣೆ ಪತ್ರ ಒಯ್ದರು.

ಹತ್ತು ವರ್ಷದ ನಂತರ, 2014ರಲ್ಲಿ, ಬೆಂಗಳೂರಿನ ನರ್ಸರಿಯೊಂದರಲ್ಲಿ ಜೀವಂತ ಹೂಜಿ ಗಿಡವನ್ನು ಮೊದಲ ಬಾರಿಗೆ ನೋಡಿದೆ. ಇಷ್ಟು ವರ್ಷ ಪಾಠ ಮಾಡಿದವನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ ಎಂಬ ನಾಚಿಕೆಗೋ ಏನೋ, ಕೇಳಿದಷ್ಟು ದುಡ್ಡು ಕೊಟ್ಟು ತಂದೆ. ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದದ್ದು ನೆನಪಿದೆ. ಮನೆಗೆ ಬಂದು ಮಾಡಿದ ಮೊದಲ ಕೆಲಸ, ನರ್ಸರಿಯವರು ನಾರುಪುಡಿಯಲ್ಲಿ ನೆಟ್ಟದ್ದನ್ನು ಕಿತ್ತು 'ಒಳ್ಳೆಯ ಮಣ್ಣಿಗೆ' ಹಾಕಿದ್ದು. ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ. ಗುಲಾಬಿಗೆ ಏನೇನು ಹಾಕುತ್ತೇವೆಯೋ ಅದೆಲ್ಲವೂ. ನಮ್ಮ ಮನೆಯವರು ದಿನಕ್ಕೆರಡು ಬಾರಿ ಕೊಳವೆಬಾವಿಯ ನೀರು ಹಾಕಿದರು. ಬೇಳೆ ಬೇಯದ, ಸೋಪು ನೊರೆ ಬಾರದ ನೀರದು. ಹೂಜಿಗಳೊಳಕ್ಕೆ ನಾನು ಜಿರಲೆ ಹಾಕಿದೆ. ಮಕ್ಕಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಿಸ್ಕತ್ತನ್ನೂ ಹಾಕಿದರು. ಮೂರೇ ವಾರಕ್ಕೆ ಹೂಜಿಗಳು ಕೊಳೆತು ನಾರತೊಡಗಿದವು. ಎಲೆಯಂಚು ಸುಟ್ಟಂತೆ ಕಂದಿತು. ಸೊರಗುತ್ತಿದೆಯಲ್ಲಾ ಎಂದು ನಾನು ಇನ್ನಷ್ಟು ಗೊಬ್ಬರ ಕೊಟ್ಟೆ. ಎರಡು ತಿಂಗಳಲ್ಲಿ ಗಿಡ ಕಡ್ಡಿಯಾಯಿತು.

ಅದನ್ನು ಕೊಂದದ್ದು ಅಲಕ್ಷ್ಯವಲ್ಲ, ಉಪಚಾರ. ಏಕೆಂದು ಯೋಚಿಸಿದರೆ ಇಡೀ ಪಾಠ ಇಲ್ಲೇ ಇದೆ. ಹೂಜಿ ಗಿಡ ಬೆಳೆಯುವ ನೆಲದಲ್ಲಿ ಸದಾ ಮಳೆ. ಸಾರಜನಕ, ರಂಜಕ ಮೊದಲಾದ ಪೋಷಕಾಂಶಗಳೆಲ್ಲ ಮಳೆಯಲ್ಲಿ ತೊಳೆದುಹೋಗಿ ಮಣ್ಣು ಸಪ್ಪೆಯಾಗಿರುತ್ತದೆ. ಬೇರಿನಿಂದ ಸಿಗದ ಸಾರಜನಕವನ್ನು ಗಿಡ ಎಲೆಯ ಮೂಲಕ ಹುಳದಿಂದ ಸಂಪಾದಿಸುತ್ತದೆ. ಹುಳ ಅದಕ್ಕೆ ಅನ್ನವಲ್ಲ, ಗೊಬ್ಬರ. ಅನ್ನವನ್ನು ಅದು ಉಳಿದ ಗಿಡಗಳಂತೆ ಬಿಸಿಲಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಇಂಥ ಸಪ್ಪೆ ಮಣ್ಣಿಗೆ ಒಗ್ಗಿದ ನವಿರಾದ ಬೇರನ್ನು ಗೊಬ್ಬರ ಮತ್ತು ಗಡಸು ನೀರಿನ ಲವಣದಲ್ಲಿ ಇಟ್ಟರೆ ಏನಾದೀತು? ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುತ್ತದಲ್ಲ, ಬೇರೂ ಹಾಗೆಯೇ ನೀರು ಬಿಟ್ಟುಕೊಡುತ್ತದೆ. ಅಭಿಸರಣೆಯ ಪಾಠದಲ್ಲಿ ಆಲೂಗೆಡ್ಡೆ ಪ್ರಯೋಗವನ್ನು ವರ್ಷ ವರ್ಷವೂ ಮಾಡಿ ತೋರಿಸುವ ನನಗೆ ಇದು ಹೊಳೆಯಲಿಲ್ಲ.

2017ರಲ್ಲಿ ಸಕಲೇಶಪುರದ ಕಡೆಗೆ ವರ್ಗವಾಗಿ ಬಂದೆ. ಇಲ್ಲಿನ ಮಳೆ ನೋಡಿ ಮತ್ತೆ ಆಸೆ ಹುಟ್ಟಿತು. ಈ ಸಲ ತಂದ ಗಿಡದ ಕುಂಡವನ್ನು ಬದಲಾಯಿಸಲಿಲ್ಲ, ಗೊಬ್ಬರ ಮುಟ್ಟಿಸಲಿಲ್ಲ. ಮನೆಯ ಹಂಚಿನಿಂದ ಇಳಿಯುವ ಮಳೆನೀರನ್ನು ಬಿಟ್ಟರೆ ಬೇರೆ ನೀರು ಕೊಡಲಿಲ್ಲ. ಅದು ಇಂದಿಗೂ ತೊಲೆಯಲ್ಲಿ ತೂಗುತ್ತಿದೆ. ಗಿಡ ಬದುಕಿದ್ದಕ್ಕಿಂತ ಹೆಚ್ಚಿನ ಲಾಭವೆಂದರೆ ಅದನ್ನು ದಿನವೂ ನೋಡುವಂತಾದದ್ದು. ಎಲೆ ಬಿಚ್ಚಿ ಅದರ ನಡುನರ ತುದಿಯಲ್ಲಿ ಕುಡಿಯಾಗಿ ಚಾಚುತ್ತದೆ. ಕುಡಿಯ ಕೊನೆಯಲ್ಲಿ ಅಕ್ಕಿಕಾಳಿನಷ್ಟು ಉಬ್ಬು ಮೂಡುತ್ತದೆ. ಉಬ್ಬು ಮೇಲ್ಮುಖವಾಗಿ ಬಾಗಿ, ಮೊದಲು ಚಪ್ಪಟೆಯ ಚೀಲದಂತಿದ್ದು, ಆಮೇಲೆ ಯಾರೋ ಒಳಗಿನಿಂದ ಊದಿದಂತೆ ದುಂಡಗಾಗುತ್ತದೆ. ಮೊದಲ ಹೂಜಿ ತೆರೆಯಲು ಐದು ವಾರ ಮೇಲಾಯಿತು. ಮುಚ್ಚಳ ಅಲ್ಲಿಯವರೆಗೆ ಅಂಟು ಹಾಕಿದಂತೆ ಮುಚ್ಚಿಯೇ ಇತ್ತು. ಒಂದು ಬೆಳಿಗ್ಗೆ ಬಿರುಕು ಬಿಟ್ಟು ಮೇಲೆದ್ದಿತು. ಒಳಗೆ ಬಗ್ಗಿ ನೋಡಿದರೆ ಆಗಲೇ ಒಂದು ಚಮಚೆಯಷ್ಟು ತಿಳಿಯಾದ ದ್ರವ! ಮಳೆನೀರಲ್ಲ, ಗಿಡವೇ ಸ್ರವಿಸಿದ್ದು. ಬಾಯಂಚು ಹೊರಕ್ಕೆ ಸುರುಳಿಯಾಗಿ ಕೆಂಪೇರಲು ಮತ್ತೂ ಕೆಲವು ದಿನ ಬೇಕಾಯಿತು.

ಅಂದು ಮೇಲೆದ್ದ ಮುಚ್ಚಳ ಮತ್ತೆ ಮುಚ್ಚಲಿಲ್ಲ. ಇರುವೆ ಬಿತ್ತು, ಮುಚ್ಚಲಿಲ್ಲ. ನೊಣ ಬಿತ್ತು, ಮುಚ್ಚಲಿಲ್ಲ. ರಾತ್ರಿ ಟಾರ್ಚ್ ಹಿಡಿದು ನೋಡಿದೆ, ಕಡ್ಡಿಯಿಂದ ಚುಚ್ಚಿ ನೋಡಿದೆ. ಒಮ್ಮೆ ತೆರೆದ ಮುಚ್ಚಳಕ್ಕೆ ಮುಚ್ಚುವ ಶಕ್ತಿಯೇ ಇಲ್ಲ. ಥಟ್ಟನೆ ಮುಚ್ಚುವುದು ಅಮೆರಿಕದ ಕೆರೊಲಿನಾ ಪ್ರಾಂತಗಳ ವೀನಸ್ ಫ್ಲೈಟ್ರ್ಯಾಪ್ ಎಂಬ ಬೇರೆಯೇ ಗಿಡ. ಅದರ ಗುಣವನ್ನು ಇದಕ್ಕೆ ಅಂಟಿಸಿ ಚಾರ್ಟ್ ಬರೆದಿರಬೇಕೆಂದು ನನ್ನ ಊಹೆ. ಹೂಜಿಯ ಮುಚ್ಚಳ ಮಳೆಗೆ ಕೊಡೆ. ಅದರ ಕೆಳಮುಖದಲ್ಲಿ ಮಕರಂದವೂ ಒಸರುತ್ತದೆ. ಆ ಹುಡುಗಿ ಬರೆದದ್ದು ಅಕ್ಷರಶಃ ಸರಿಯಾಗಿತ್ತು.

ಹಾಗಾದರೆ ಹುಳ ತಪ್ಪಿಸಿಕೊಳ್ಳುವುದಿಲ್ಲವೇಕೆ? ಹೂಜಿಯ ಒಳಗೋಡೆಯ ಮೇಲ್ಭಾಗದಲ್ಲಿ ಮೇಣದ ಪದರವಿದ್ದು, ಹುಳ ಅದರ ಮೇಲೆ ಜಾರುತ್ತದೆ ಎಂಬುದು ಹಳೆಯ ವಿವರಣೆ. ಅನೇಕ ಜಾತಿಗಳಲ್ಲಿ ಅದು ನಿಜವೂ ಹೌದು. ಆದರೆ ಬಾಯಂಚಿನ ಮಹಿಮೆ ತಿಳಿದದ್ದು ತೀರಾ ಈಚೆಗೆ. ನಾನು ಅಂಕ ಕಳೆದ ಅದೇ 2004ರಲ್ಲಿ ಜರ್ಮನಿಯ ಬೋನ್ ಮತ್ತು ಫೆಡರ್ಲೆ ಎಂಬ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಬಾಯಂಚಿನ ಮೇಲೆ ಒಳಮುಖವಾಗಿ ಇಳಿಯುವ ಸೂಕ್ಷ್ಮ ಗೀರುಗಳಿವೆ. ನಿಮ್ಮ ಬೆರಳಿಗೂ ಅವು ಸಿಗುತ್ತವೆ. ಮಳೆಯಿಂದಲೋ ಇಬ್ಬನಿಯಿಂದಲೋ ಅಂಚು ಒದ್ದೆಯಾದಾಗ ನೀರು ಹನಿಯಾಗಿ ನಿಲ್ಲದೆ ಆ ಗೀರುಗಳಲ್ಲಿ ತೆಳುವಾಗಿ ಹರಡಿಕೊಳ್ಳುತ್ತದೆ. ಆಗ ಇರುವೆಯ ಪಾದದ ಹಿಡಿತ ತಪ್ಪುತ್ತದೆ, ಪಾಚಿಗಟ್ಟಿದ ಕೆರೆ ಮೆಟ್ಟಿಲ ಮೇಲೆ ನಮ್ಮ ಕಾಲು ಜಾರುವ ಹಾಗೆ. ಒಣಗಿದ ಅಂಚಿನ ಮೇಲೆ ಅದೇ ಇರುವೆ ಆರಾಮವಾಗಿ ಓಡಾಡಿ ಮಕರಂದ ಹೀರಿ ಹೋಗುತ್ತದೆ. ನನ್ನ ವರಾಂಡದಲ್ಲೂ ಮಧ್ಯಾಹ್ನ ಇರುವೆಗಳು ನಿರ್ಭಯವಾಗಿ ತಿರುಗಾಡುವುದನ್ನು ಕಂಡು, ಇದೆಂಥ ದಡ್ಡ ಬಲೆಯಪ್ಪಾ ಎಂದುಕೊಂಡಿದ್ದೆ. ದಡ್ಡ ನಾನೇ. ಬೇಹು ಬಂದ ಇರುವೆ ಸತ್ತರೆ ಸಿಗುವುದು ಒಂದೇ ಇರುವೆ. ಅದು ಬದುಕಿ ಗೂಡಿಗೆ ಹೋಗಿ ಸಿಹಿಯ ಸುದ್ದಿ ಮುಟ್ಟಿಸಿದರೆ ಸಾಲುಗಟ್ಟಿ ಬರುತ್ತವೆ. ಅಷ್ಟರಲ್ಲಿ ಅಂಚು ಒದ್ದೆಯಾದರೆ ಹಿಂಡೇ ಒಳಗೆ. ಬೋರ್ನಿಯೋದ ಒಂದು ಜಾತಿಯ ಮೇಲೆ ನಡೆದ ಅಧ್ಯಯನ 2015ರಲ್ಲಿ ಇದನ್ನು ತೋರಿಸಿಕೊಟ್ಟಿತು. ಒಳಗೆ ಬಿದ್ದ ಇರುವೆಗೆ ಕಾದಿರುವುದು ಆಮ್ಲೀಯ ದ್ರವ, ಅದರಲ್ಲಿ ಪ್ರೋಟೀನನ್ನು ಒಡೆಯುವ ನೆಪೆಂಥಿಸಿನ್ ಎಂಬ ಕಿಣ್ವ. ನಮ್ಮ ಜಠರದ ಪೆಪ್ಸಿನ್‌ಗೆ ಇದು ದಾಯಾದಿ.

ಮುಚ್ಚಳದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ನೆಪೆಂಥಿಸ್ ಗ್ರಾಸಿಲಿಸ್ ಎಂಬ ಜಾತಿಯಲ್ಲಿ ಮುಚ್ಚಳವೂ ಬೇಟೆಯಾಡುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಅಲ್ಲಿಯೂ ಅದು ಮುಚ್ಚುವುದಿಲ್ಲ. ಮಳೆಗೆ ಹೆದರಿ ಇರುವೆ ಮುಚ್ಚಳದ ಅಡಿಗೆ ಹೋಗಿ ತಲೆಕೆಳಗಾಗಿ ಅಂಟಿ ಕೂರುತ್ತದೆ. ದೊಡ್ಡದೊಂದು ಮಳೆಹನಿ ಮೇಲೆ ಬಿದ್ದೊಡನೆ ಮುಚ್ಚಳ ಅದುರಿ ಇರುವೆಯನ್ನು ಕೆಳಗೆ ಒದರುತ್ತದೆ! ಮಕ್ಕಳಿಗೆ ಇದಕ್ಕಿಂತ ಇಷ್ಟವಾಗುವುದು ಬೋರ್ನಿಯೋದ ನೆಪೆಂಥಿಸ್ ಲೋವಿಯ ಕಥೆ. ಅಳಿಲಿನಂಥ ಮರ ಮೂಗಿಲಿಯೊಂದು ಅದರ ಮುಚ್ಚಳದ ಸಿಹಿ ನೆಕ್ಕಲು ಹೂಜಿಯ ಮೇಲೆ ಕೂತು, ಅಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ. ಗಿಡಕ್ಕೆ ಬೇಕಾದ ಸಾರಜನಕ ಬಹುಮಟ್ಟಿಗೆ ಅದರಿಂದಲೇ ಸಿಗುತ್ತದೆಂದು 2009ರಲ್ಲಿ ಪತ್ತೆಯಾಯಿತು. ಇದನ್ನು ಹೇಳಿದ ದಿನ ತರಗತಿಯನ್ನು ಸುಮ್ಮನಾಗಿಸಲು ಹತ್ತು ನಿಮಿಷ ಹಿಡಿಯುತ್ತದೆ.

ಈಗ ಸಾಕುವ ವಿಚಾರ. ಮಣ್ಣು ಬೇಡವೇ ಬೇಡ. ತೆಂಗಿನ ನಾರುಪುಡಿ ಅಥವಾ ಸಿಪ್ಪೆಯ ಸಣ್ಣ ತುಂಡು ಅರ್ಧ, ನರ್ಸರಿಗಳಲ್ಲಿ ಸಿಗುವ ಬಿಳಿ ಪರ್ಲೈಟ್ ಅರ್ಧ, ಇಷ್ಟು ಸಾಕು. ನಾರುಪುಡಿಯಲ್ಲಿ ಲವಣದ ಅಂಶವಿರುವುದುಂಟು, ಮಳೆನೀರಿನಲ್ಲಿ ನೆನೆಸಿ ಹಿಂಡಿ ನೀರು ಚೆಲ್ಲುವುದನ್ನು ನಾಲ್ಕೈದು ಸಲ ಮಾಡಬೇಕು. ಸೋಮಾರಿತನದಿಂದ ಈ ಕೆಲಸ ಬಿಟ್ಟವರ ಗಿಡ ಆರು ತಿಂಗಳಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ಕಾಡಿಗೆ ಹೋಗಿ ಮರದ ಪಾಚಿ ಕೆರೆದು ತರುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಕುಂಡ ಪ್ಲಾಸ್ಟಿಕ್ಕಿನದಾಗಿರಲಿ, ತಳದಲ್ಲಿ ಧಾರಾಳವಾಗಿ ತೂತುಗಳಿರಲಿ. ಸಿಮೆಂಟ್ ಕುಂಡದಿಂದ ಸುಣ್ಣದಂಶ ಇಳಿಯುವುದರಿಂದ ಅದು ಆಗದು. ಬೇರು ತೀರಾ ಸೂಕ್ಷ್ಮ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಮಿಶ್ರಣ ಬದಲಾಯಿಸುವಾಗ ಬೇರನ್ನು ಕೊಡವಿ ಬಿಡಿಸುವ ಸಾಹಸ ಮಾಡಬೇಡಿ.

ನೀರಿನಲ್ಲಿ ಮಾತ್ರ ರಾಜಿಯಿಲ್ಲ. ಮಳೆನೀರು ಎಲ್ಲಕ್ಕಿಂತ ಉತ್ತಮ. ಅದಿಲ್ಲದವರು ಆರ್‌ಒ ಯಂತ್ರದ ಶುದ್ಧ ನೀರು ಬಳಸಬಹುದು, ಆ ಯಂತ್ರ ಹೊರಚೆಲ್ಲುವ ನೀರನ್ನಲ್ಲ. ಅದರಲ್ಲಿ ಲವಣವೆಲ್ಲ ಸಾಂದ್ರಗೊಂಡಿರುತ್ತದೆ. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 50 ಮಿಲಿಗ್ರಾಂ ಒಳಗಿರಲಿ ಎಂಬುದು ಈ ಗಿಡ ಸಾಕುವವರ ವಾಡಿಕೆಯ ಲೆಕ್ಕ. ಪೆನ್ನಿನಂಥ ಟಿಡಿಎಸ್ ಮಾಪಕ ಅಗ್ಗದಲ್ಲಿ ಸಿಗುತ್ತದೆ. ಶಾಲೆಗೊಂದು ತರಿಸಿಕೊಂಡರೆ ಮಕ್ಕಳು ಊರಿನ ಬಾವಿ, ಕೆರೆ, ನಲ್ಲಿ ಎಲ್ಲದರ ನೀರನ್ನೂ ಅಳೆದು ಬರುತ್ತಾರೆ. ಕಾಯಿಸಿ ಆರಿಸಿದ ನೀರು ನಡೆಯುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಇಲ್ಲ. ಕಾಯಿಸಿದರೆ ರೋಗಾಣು ಸಾಯುತ್ತದೆ, ಲವಣವೆಲ್ಲ ಹೋಗುವುದಿಲ್ಲ. ಮೇಲಿನಿಂದ ನೀರು ಹೊಯ್ದು ತೂತಿನಿಂದ ಹರಿದುಹೋಗಲು ಬಿಡಬೇಕು. ಮಿಶ್ರಣ ಒಣಗಲೂ ಬಾರದು, ಕುಂಡ ತಟ್ಟೆಯ ನೀರಿನಲ್ಲಿ ನಿಲ್ಲಲೂ ಬಾರದು.

ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ, ಉಳಿದಂತೆ ಒಳ್ಳೆಯ ಬೆಳಕಿನ ನೆರಳು. ಕತ್ತಲೆ ಕೋಣೆಯಲ್ಲಿ ಗಿಡ ಬದುಕಿರುತ್ತದೆ, ಹೂಜಿ ಬಿಡುವುದಿಲ್ಲ. 'ಎಲೆ ಸೊಂಪಾಗಿದೆ, ಹೂಜಿ ಮಾತ್ರ ಬರುತ್ತಿಲ್ಲ' ಎಂಬುದು ನನಗೆ ಬರುವ ಸಾಮಾನ್ಯ ದೂರು. ಅದಕ್ಕೆ ಎರಡೇ ಕಾರಣ, ಬೆಳಕು ಸಾಲದು ಅಥವಾ ಗಾಳಿಯಲ್ಲಿ ತೇವ ಸಾಲದು. ಒಣಹವೆಯಲ್ಲಿ ಕುಡಿಯ ತುದಿಯ ಉಬ್ಬು ಕರಿಕಾಗಿ ಉದುರುತ್ತದೆ. ಬಯಲುಸೀಮೆಯವರು ಮಾರ್ಚ್‌ನಿಂದ ಮೇ ತನಕ ಕುಂಡವನ್ನು ಇತರ ಗಿಡಗಳ ಗುಂಪಿನ ನಡುವೆ, ಬಿಸಿಗಾಳಿ ತಾಗದಲ್ಲಿ ಇಟ್ಟು, ಕೆಳಗೆ ಒದ್ದೆ ಮರಳಿನ ತಟ್ಟೆ ಇಡಲಿ. ಕುಂಡ ಮರಳಿಗೆ ತಾಗದಂತೆ ನಡುವೆ ಎರಡು ಕಲ್ಲು ಕೊಡಿ. ಆ ಮೂರು ತಿಂಗಳು ಹೊಸ ಹೂಜಿ ಬರದಿದ್ದರೆ ಕೊರಗಬೇಡಿ, ಮಳೆ ಹಿಡಿದ ಮೇಲೆ ಬರುತ್ತದೆ. ಹಳೆಯ ಹೂಜಿ ಮೇಲಿನಿಂದ ಕಂದುತ್ತಾ ಬರುವುದೂ ರೋಗವಲ್ಲ, ಅದರ ಆಯಸ್ಸು ಮುಗಿಯಿತೆಂದಷ್ಟೇ. ಪೂರ್ತಿ ಒಣಗಿದ ಮೇಲೆ ಹೂಜಿಯನ್ನಷ್ಟೇ ಕತ್ತರಿಸಿ. ಅದರ ಎಲೆ ಹಸಿರಾಗಿರುವವರೆಗೆ ದುಡಿಯುತ್ತಲೇ ಇರುತ್ತದೆ.

ಊಟದ ವಿಚಾರ: ಏನೂ ಹಾಕಬೇಡಿ. ವರಾಂಡದಲ್ಲಿದ್ದರೆ ಇರುವೆ ತಾನಾಗಿಯೇ ಬರುತ್ತದೆ. ಗಾಜಿನ ಕಿಟಕಿಯೊಳಗೇ ಇಡುವವರು ತಿಂಗಳಿಗೊಮ್ಮೆ ಒಂದು ಹೂಜಿಗೆ ಒಂದೆರಡು ಸತ್ತ ಇರುವೆ ಹಾಕಿದರೆ ಅದೇ ಹಬ್ಬದೂಟ. ಮಾಂಸ, ಹಾಲು, ಬಿಸ್ಕತ್ತು ಕೊಳೆಯುತ್ತವೆ. ಹೂಕರ್ ಮೊಟ್ಟೆ ಹಾಕಿದನಲ್ಲ ಎಂದು ವಾದಿಸುವ ಜಾಣರಿಗೆ ಹೇಳುತ್ತೇನೆ: ಅವನು ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕನಾಗಿದ್ದ, ಒಂದು ಹೂಜಿ ಕೊಳೆತರೆ ಅವನ ಬಳಿ ಇನ್ನೆಷ್ಟೋ ಇದ್ದವು. ಸಾಗಿಸುವಾಗ ಒಳಗಿನ ದ್ರವ ಚೆಲ್ಲಿಹೋಗಿದ್ದರೆ ಕಾಲುಭಾಗದಷ್ಟು ಮಳೆನೀರು ತುಂಬಿದರಾಯಿತು. ಆ ದ್ರವವನ್ನು ಕಣ್ಣಿಗೆ ಬಿಟ್ಟುಕೊಂಡರೆ ಒಳ್ಳೆಯದೆಂಬ ನಂಬಿಕೆ ಕೆಲವೆಡೆ ಇದೆ, ಯಾರೂ ಆ ಪ್ರಯೋಗಕ್ಕೆ ಇಳಿಯಬಾರದು.

ಯಾವ ಗಿಡ ಕೊಳ್ಳಬೇಕೆಂಬುದು ಕೊನೆಗೆ ಬಂದರೂ ಮುಖ್ಯವಾದದ್ದು. ನನ್ನಲ್ಲಿರುವುದು 'ವೆಂಟ್ರಾಟಾ', ಫಿಲಿಪೀನ್ಸ್ ಮೂಲದ ಎರಡು ಜಾತಿಗಳ ಮಿಶ್ರತಳಿ. ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಅಂಗಾಂಶ ಕೃಷಿಯಿಂದ ಬೆಳೆಸಿದ್ದು, ಸ್ವಲ್ಪ ಗಟ್ಟಿ ಜೀವ. 'ನಮ್ಮ ದೇಶದ್ದೇ ಇರುವಾಗ ಹೊರಗಿನದೇಕೆ ಸಾರ್?' ಎಂದು ಕೆಲವರು ಅಭಿಮಾನದಿಂದ ಕೇಳುತ್ತಾರೆ. ಖಾಸಿಯಾನಾ ಅಳಿವಿನ ಅಂಚಿನಲ್ಲಿದೆ. ಕಲ್ಲಿದ್ದಲು, ಸುಣ್ಣಕಲ್ಲಿನ ಗಣಿಗಳು ಅದರ ನೆಲೆಯನ್ನು ಅಗೆದವು, ಮಾರಾಟಕ್ಕೆಂದು ಕಿತ್ತವರು ಉಳಿದದ್ದನ್ನು ತೆಳ್ಳಗೆ ಮಾಡಿದರು. ಅದಕ್ಕೆಂದೇ ದಕ್ಷಿಣ ಗಾರೋ ಬೆಟ್ಟಗಳ ಬಾಘ್‌ಮಾರಾದಲ್ಲಿ 1984ರಲ್ಲಿ ಒಂದು ಪುಟ್ಟ ಅಭಯಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾಗಿ, ರಕ್ಷಿತ ಸಸ್ಯಗಳ ಪಟ್ಟಿಗೆ ಅದು ಸೇರಿತು. 2022ರ ತಿದ್ದುಪಡಿಯ ನಂತರವೂ ಆ ರಕ್ಷಣೆ ಮುಂದುವರಿದಿದೆ. ಕಾಡಿನಿಂದ ಕೀಳುವುದಷ್ಟೇ ಅಲ್ಲ, ಪರವಾನಗಿಯಿಲ್ಲದೆ ಬೆಳೆಸುವುದೂ ಮಾರುವುದೂ ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲೂ ಅದರ ಹೆಸರಿದೆ. ಯಾರಾದರೂ 'ಕಾಡಿನ ಅಸಲಿ ಗಿಡ' ಎಂದು ಹೇಳಿ ಮಾರಲು ಬಂದರೆ, ಅಸಲಿಯಾಗಿರುವುದೇ ಅದನ್ನು ಕೊಳ್ಳದಿರಲು ಕಾರಣ. ನಮ್ಮ ನಾಡಿನ ಕೀಟಾಹಾರಿಗಳನ್ನು ನೋಡುವ ಆಸೆಯಿದ್ದವರು ಮಳೆಗಾಲದ ಕೊನೆಗೆ ಮಲೆನಾಡು, ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಮಂಡಿಯೂರಿ ನೋಡಿ. ಅಂಟುಹನಿ ಹೊತ್ತ ಡ್ರಾಸೆರಾ, ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ ಕಾಲಡಿಯಲ್ಲೇ ಇರುತ್ತವೆ. ನೋಡಿ, ಚಿತ್ರ ತೆಗೆಯಿರಿ, ಅಲ್ಲೇ ಬಿಟ್ಟು ಬನ್ನಿ.

ಗಿಡ ಉದ್ದವಾಗಿ ಬಳ್ಳಿಯಾದ ಮೇಲೆ ಎರಡು ಗಿಣ್ಣಿನ ತುಂಡು ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕು ಮಾಡಿ, ಒದ್ದೆ ನಾರುಪುಡಿಯಲ್ಲಿ ನೆಟ್ಟು, ಪ್ಲಾಸ್ಟಿಕ್ ಚೀಲ ಮುಸುಕಿ ನೆರಳಿನಲ್ಲಿಟ್ಟರೆ ಬೇರು ಬಿಡುವುದುಂಟು. ನನಗೆ ಮೂರರಲ್ಲಿ ಒಂದು ಹತ್ತಿತು. ಬೀಜದ ಆಸೆ ಬೇಡ, ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನನ್ನದು ಗಂಡು.

ಒಣಗಿದ ಹೂಜಿಯನ್ನು ಎಸೆಯಬೇಡಿ. ಅದನ್ನು ಉದ್ದಕ್ಕೆ ಸೀಳಿ, ಒಳಗಿರುವುದನ್ನು ಬಿಳಿ ಕಾಗದದ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಮಕ್ಕಳಿಗೆ ಕೊಡಿ. ಒಳಗಿನ ಮೆತ್ತನೆಯ ಭಾಗವೆಲ್ಲ ಕರಗಿ ಕೈಟಿನ್‌ನ ಕವಚಗಳು ಉಳಿದಿರುತ್ತವೆ. ಇರುವೆಯ ತಲೆ, ನೊಣದ ರೆಕ್ಕೆ, ಯಾವುದೋ ದುಂಬಿಯ ಹಸಿರು ಚೂರು. ತಲೆಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯವರು ಒಂದೇ ಹೂಜಿಯಲ್ಲಿ 61 ಇರುವೆ ತಲೆ ಎಣಿಸಿದರು. ಒಬ್ಬ 63 ಎಂದು ಹಟ ಹಿಡಿದ. ಮತ್ತೆ ಎಣಿಸಲು ಬಿಟ್ಟೆ. ಹಿಂದಿನಂತಾಗಿದ್ದರೆ 61 ಎಂದು ಬರೆದುಕೋ ಎನ್ನುತ್ತಿದ್ದೆ. ಅವನ ಲೆಕ್ಕವೇ ಸರಿಯಿತ್ತು, ಎರಡು ತಲೆ ಕಾಗದದ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದವು.

ಆ ಹುಡುಗಿಗೆ ಈಗ ಮೂವತ್ತು ದಾಟಿರಬೇಕು. ಎಲ್ಲಿದ್ದಾಳೋ ತಿಳಿಯದು. ಕಿರುಪರೀಕ್ಷೆಯ ಆ ಅಂಕಪಟ್ಟಿ ಎಂದೋ ರದ್ದಿಗೆ ಹೋಗಿದೆ, ತಿದ್ದಲೂ ಸಾಧ್ಯವಿಲ್ಲ. ಈ ಪುಟವನ್ನೇನಾದರೂ ಓದಿದರೆ ತಿಳಿಯಲಿ: ಎರಡಕ್ಕೆ ಎರಡು.

ಮುಂಗಾರು ಶುರುವಾಗುವ ಮುನ್ನ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರ ಬಾಯಿಗೆ ಕಟ್ಟಲು ಒಂದು ಹಳೆಯ ಪಂಚೆ ತುಂಡು ಸಿದ್ಧಮಾಡಿಟ್ಟುಕೊಳ್ಳಿ. ಮೊದಲೆರಡು ಮಳೆಯ ನೀರು ಹಂಚಿನ ಧೂಳು ತೊಳೆದುಕೊಂಡು ಹರಿದುಹೋಗಲಿ. ಮೂರನೆಯ ಮಳೆಗೆ ಡ್ರಮ್ಮು ಇಡಿ. ಬಟ್ಟೆ ಬಿಗಿಯಾಗಿ ಕಟ್ಟಿರಲಿ, ಇಲ್ಲವಾದರೆ ಗಿಡಕ್ಕಿಂತ ಮೊದಲು ಸೊಳ್ಳೆ ಬೆಳೆಯುತ್ತದೆ.